ಗಡಿಯಾರದ ಕೆಳಗಿನ ಕಲ್ಲುಬೆಂಚು

ಸಾನ್ ಬಾರ್ತೋಲೋ ಯಾಲೋಬಿ
18 ಅಕ್ಟೋಬರ್ 1992

ತಮ್ಮ ಅಬುಂದಿಯೋ,

ಮೊದಲು ಹೊಲದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದನ್ನು ಓದದೆ ನೀನು ಅದನ್ನೇ ಹುಡುಕುತ್ತೀಯ. ಕೆಳಗಿನ ಹೊಲದ ಮೆಕ್ಕೆಜೋಳ ಮುರಿಯುವ ಹದಕ್ಕೆ ಬಂದಿದೆ. ಅಳಿಲುಗಳು ತಮ್ಮ ಪಾಲು ತಿಂದು ಮುಗಿಸಿವೆ, ಉಳಿದದ್ದು ನಮ್ಮದು. ಕೆಂಪು ಎತ್ತು ಮುಂಗಾಲು ಎಳೆಯುತ್ತಿದೆ, ಬಿಸಿ ಬೂದಿ ಕಟ್ಟಿದ್ದೇನೆ.

ಇನ್ನು ನಿನ್ನ ಭಾಷಣ. ಗುರುವಾರ ಚಾವಡಿಯ ಜಗಲಿಯ ಮೇಲೆ ರೇಡಿಯೋ ಇಟ್ಟಿದ್ದರು. ರಾಜಧಾನಿ ವಾಹಾಕಾದ ಶಾಸನಸಭೆಯಲ್ಲಿ ನೀನು ಎದ್ದು ಮಾತಾಡಿದ್ದನ್ನು ಊರೆಲ್ಲ ಕೂತು ಕೇಳಿತು. "ನಮ್ಮ ಬೆಟ್ಟದ ಊರುಗಳಲ್ಲಿ ಅಧಿಕಾರವೆಂದರೆ ಸೇವೆ. ಮೊದಲು ತೋಪಿಲ್ ಎಂಬ ಊರಾಳಾಗಿ ಕೋಲು ಹಿಡಿದು ಚೌಕ ಗುಡಿಸಿದವನೇ ಮುಂದೆ ಊರಿನ ಅಧ್ಯಕ್ಷನಾಗುತ್ತಾನೆ. ಪೊರಕೆ ಹಿಡಿಯದ ಕೈಗೆ ನಾವು ಮುದ್ರೆ ಕೊಡುವುದಿಲ್ಲ" ಎಂದೆಯಲ್ಲ, ಅಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ನಿನ್ನನ್ನು ಕಂಡರಾಗದ ಫಿಲೆಮೋನ್ ಕೂಡ ಹ್ಯಾಟು ತೆಗೆದ. ನನಗೂ ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇವತ್ತು ಭಾನುವಾರ ಊರ ಸಭೆ ಸೇರಿತು, ಬರುವ ವರ್ಷದ ಊರ ಸೇವೆಯ ಸರದಿ ಹಂಚಲು. ತೋಪಿಲ್ ಯಾರು ಎಂಬ ಮಾತು ಬಂದಾಗ ಕ್ರಿಸ್ಪೀನಜ್ಜ ಎದ್ದರು. ಊರಿನ ಎಲ್ಲ ಸರದಿಯನ್ನೂ ಮುಗಿಸಿ ಕೂತಿರುವ ಅವರ ಮಾತಿಗೆ ಯಾರೂ ಅಡ್ಡ ಹೋಗುವುದಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. "ತೋಪಿಲ್ ಕೆಲಸದ ಬಗ್ಗೆ ಅಬುಂದಿಯೋನಷ್ಟು ಚಂದ ಮಾತಾಡೋನು ಈ ಊರಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಪಾಪ, ಅವನಿಗೆ ಮಾತ್ರ ಆ ಭಾಗ್ಯ ಸಿಕ್ಕಿಲ್ಲ. ಈ ಸಲ ಕೊಟ್ಬಿಡೋಣ" ಅಂದರು. ಎಲ್ಲರ ಕೈಯೂ ಮೇಲೆ ಹೋಯಿತು. ಅಜ್ಜ ನಗುತ್ತಿದ್ದರೋ ಇಲ್ಲವೋ ಹೇಳಲಾರೆ. ಆ ಮುಖದ ಸುಕ್ಕುಗಳಲ್ಲಿ ನಗು ಸಿಕ್ಕಿಹಾಕಿಕೊಂಡರೆ ಹೊರಗೆ ಬರುವುದು ಕಷ್ಟ.

ಹದಿನೆಂಟನೇ ವಯಸ್ಸಿಗೆ ಮಾಡಬೇಕಾದ ಸರದಿ ಇದು. ಆಗ ನೀನು ಕಾಫಿ ತೋಟಕ್ಕೆ ಕೂಲಿಗೆ ಹೋಗಿದ್ದೆ. ಆಮೇಲೆ ನಮ್ಮ ಕಾಡು ಕಡಿಯುವ ಮರದ ಕಂಪನಿಯ ಲಾರಿಗಳನ್ನು ತಡೆದು ರಸ್ತೆಯಲ್ಲಿ ಮಲಗಿದೆ, ಊರು ಸರದಿಯ ಮಾತೆತ್ತಲಿಲ್ಲ. ಆಮೇಲೆ ಶಾಸಕನಾದೆ. ಈಗ ಊರು ಕರೆದಿದೆ. ಸರದಿ ಮಾಡದ ಮನೆ ಊರಿನ ಮನೆಯಲ್ಲ. ಬುಗ್ಗೆಯ ನೀರು ಇಲ್ಲ, ಕೆಳಗಿನ ಹೊಲ ಊರಿಗೆ ವಾಪಸ್, ಸತ್ತರೆ ಅಪ್ಪ ಅಮ್ಮನ ಪಕ್ಕ ಜಾಗವೂ ಇಲ್ಲ. ಜನವರಿ ಒಂದಕ್ಕೆ ಕೋಲು ಕೊಡುತ್ತಾರೆ. ಬರುತ್ತೀಯೋ ಇಲ್ಲವೋ ಬರೆ.

ನಿನ್ನ ಅಕ್ಕ
ಸೆನಾಯ್ದಾ

ವಾಹಾಕಾ
5 ನವೆಂಬರ್ 1992

ಅಕ್ಕಾ,

ಕೆಂಪು ಎತ್ತಿಗೆ ಬೂದಿ ಸಾಲದು, ಗೊರಸು ಎತ್ತಿ ನೋಡು, ಮುಳ್ಳಿರಬಹುದು.

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇದು ಫಿಲೆಮೋನನ ಕೆಲಸ. ಅಜ್ಜನ ಬಾಯಲ್ಲಿ ಮಾತು ತುರುಕಿದ್ದಾನೆ. ನಲವತ್ತೇಳು ವರ್ಷದ ಶಾಸಕ ಚೌಕದಲ್ಲಿ ಕಡಲೆ ಸಿಪ್ಪೆ ಗುಡಿಸಬೇಕೇ? ಕುಡುಕರನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಕೂಡಿಹಾಕಬೇಕೇ? ನನ್ನ ಬಾಗಿಲಲ್ಲಿ ಬೆಳಗಿನಿಂದ ಜನ ನಿಂತಿರುತ್ತಾರೆ. ಹನ್ನೆರಡು ಊರಿನವರು. ಒಬ್ಬರಿಗೆ ಶಾಲೆಯ ಸೂರು, ಇನ್ನೊಬ್ಬರಿಗೆ ಸೇತುವೆ. ನಾನು ಅವರ ಕೆಲಸ ಬಿಟ್ಟು ಪೊರಕೆ ಹಿಡಿದರೆ ಅದು ಸೇವೆಯೇ? ನೀನೇ ಹೇಳು.

ಇಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ. ಸಭೆಯಲ್ಲಿ ಒಬ್ಬ ಮಾತಾಡುತ್ತಿದ್ದರೆ ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಬೆಟ್ಟದ ಕಡೆ ಮೋಡ ಇದೆಯೇ ಎಂದು ನೋಡುತ್ತೇನೆ. ಪಕ್ಕದವನು ಕೇಳಿದ, "ಏನ್ರೀ, ಕಾಲಿಗೆ ಚಕ್ರ ಕಟ್ಕೊಂಡಿದೀರಾ?" ಮುಂದಿನ ಚುನಾವಣೆಗೆ ನನ್ನ ಹೆಸರು ಪಕ್ಷದ ಮುಂದಿದೆ. ಈಗ ಒಂದು ದಿನ ಇಲ್ಲಿಂದ ಅಲುಗಾಡಿದರೆ ನನ್ನ ಕುರ್ಚಿಯಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಒಫೇಲಿಯಾಗೂ ನಮ್ಮ ಮಕ್ಕಳಿಗೂ ಈ ಊರು ಒಗ್ಗಿದೆ.

ಊರಿಗೆ ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಚಾವಡಿಗೆ ಒಂದು ದೊಡ್ಡ ಗಡಿಯಾರ ಕಳಿಸುತ್ತೇನೆ. ಇಡೀ ಬೆಟ್ಟದಲ್ಲಿ ಅಂಥದ್ದಿಲ್ಲ. ಅದನ್ನು ನೋಡಿದರೆ ಎಲ್ಲ ಸರಿಹೋಗುತ್ತದೆ.

ನಿನ್ನ ತಮ್ಮ
ಅಬುಂದಿಯೋ

ಯಾಲೋಬಿ
29 ನವೆಂಬರ್ 1992

ತಮ್ಮಾ,

ಗೊರಸಿನಲ್ಲಿ ಮುಳ್ಳೇ ಇತ್ತು. ನೀನು ಹೇಳಿದ್ದು ಸರಿ. ಎತ್ತಿನ ಕಾಲು ಅಷ್ಟು ದೂರದಿಂದ ಕಾಣುತ್ತದೆ ನಿನಗೆ.

ಸತ್ತವರ ಹಬ್ಬಕ್ಕೆ ನೀನು ಬರಲಿಲ್ಲ. ಅಮ್ಮನ ಗೋರಿಗೆ ಚೆಂಡುಹೂ ಹಾಕಿ, ನಿನ್ನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದೆ. ಗಾಳಿಗೆ ಆರಿತು, ಮತ್ತೆ ಹಚ್ಚಿದೆ.

ಗಡಿಯಾರ ಬಂತು. ಲಾರಿಯಿಂದ ಇಳಿಸಲು ಹತ್ತು ಜನ ಬೇಕಾಯಿತು. ಚಾವಡಿಯ ಬಾಗಿಲ ಮೇಲೆ ಕೂರಿಸಿದ್ದಾರೆ. ನಿಜಕ್ಕೂ ಚೆನ್ನಾಗಿದೆ, ಆದರೆ ಅದರ ಅಂಕಿಗಳಿಗಿಂತ ನಿನ್ನ ಹೆಸರು ದಪ್ಪವಾಗಿದೆ. ಮೂಗಿಗಿಂತ ಮೂಗುತಿ ಭಾರ ಎಂದು ಫಿಲೆಮೋನ್ ಅಂದ. ಸಭೆ ನಿನಗೆ ಕೃತಜ್ಞತೆ ಹೇಳಿ ಚಪ್ಪಾಳೆ ತಟ್ಟಿತು. ಆಮೇಲೆ ಒಬ್ಬರು ಕೇಳಿದರು, "ಇದಕ್ಕೆ ದಿನಾ ಕೀಲಿ ಕೊಡೋದು ಯಾರು?" ಕ್ರಿಸ್ಪೀನಜ್ಜ ಹೇಳಿದರು, "ಇನ್ಯಾರು, ತೋಪಿಲ್. ಅಬುಂದಿಯೋನೇ ಬರ್ತಾನಲ್ಲ, ಅವನ ಗಡಿಯಾರಕ್ಕೆ ಅವನೇ ಕೀಲಿ ಕೊಡ್ಲಿ."

ಅವರಿಗೆ ಗಡಿಯಾರ ಒಂದು ಮಾತು, ಸರದಿ ಇನ್ನೊಂದು ಮಾತು. ಒಂದರಿಂದ ಇನ್ನೊಂದು ತೀರುತ್ತದೆ ಎಂದು ನಿನಗೆ ಯಾರು ಹೇಳಿದರು? ನೀನೂ ಇಲ್ಲೇ ಹುಟ್ಟಿದವನಲ್ಲವೇ?

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯಬೇಡ. ಬರುತ್ತೇನೆ ಎನ್ನು, ಇಲ್ಲ ಬರುವುದಿಲ್ಲ ಎನ್ನು.

ಸೆನಾಯ್ದಾ

ವಾಹಾಕಾ
26 ಡಿಸೆಂಬರ್ 1992

ಅಕ್ಕಾ,

ಇದರ ಜೊತೆ ಒಂದು ಕಾಗದವಿದೆ. ಚಾವಡಿಯ ಕಾರ್ಯದರ್ಶಿಗೆ ಕೊಡು, ಸಭೆಯಲ್ಲಿ ಜೋರಾಗಿ ಓದಲಿ. ಶಾಸಕನಾಗಿರುವವರೆಗೆ ನನ್ನನ್ನು ಊರ ಸರದಿಯಿಂದ ಬಿಡಬೇಕು ಎಂದು ಬರೆಸಿದ್ದೇನೆ. ಸರ್ಕಾರದ ಹದ್ದಿನ ಮುದ್ರೆಯಿದೆ, ಎರಡು ಸಹಿ ಇವೆ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬರುವುದಿಲ್ಲ.

ಊರಿಗೆ ಉಪಕಾರ ಮಾಡಬಾರದು, ಹೆಣಕ್ಕೆ ಸಿಂಗಾರ ಮಾಡಬಾರದು ಎಂದು ಅಪ್ಪ ಹೇಳುತ್ತಿದ್ದುದು ಸುಳ್ಳಲ್ಲ. ನಾನು ರಸ್ತೆಯಲ್ಲಿ ಮಲಗಿದ್ದಾಗ ಲಾರಿಯ ಚಕ್ರ ನನ್ನ ಕಿವಿಯ ಹತ್ತಿರ ನಿಂತಿತ್ತು. ಆವತ್ತು ಅದನ್ನು ಯಾರೂ ಸರದಿ ಎಂದು ಎಣಿಸಲಿಲ್ಲ.

ಕೆಳಗಿನ ಹೊಲದಲ್ಲಿ ಈ ಸಲ ಸ್ವಲ್ಪ ಕರಿ ಮೆಕ್ಕೆಜೋಳವನ್ನೂ ಬಿತ್ತು. ಬೀಜ ಅಟ್ಟದ ಮೇಲೆ ಎಡಗಡೆ ಕಟ್ಟಿದೆ.

ಅಬುಂದಿಯೋ

ಯಾಲೋಬಿ
7 ಜನವರಿ 1993

ಅಬುಂದಿಯೋ,

ನಿನ್ನ ಕಾಗದ ಓದಿದರು. ಕ್ರಿಸ್ಪೀನಜ್ಜ ಕೈ ಚಾಚಿ ಅದನ್ನು ಇಸಕೊಂಡರು, ತಿರುಗಿಸಿ ಹಿಂದುಗಡೆ ನೋಡಿದರು. ಅಲ್ಲಿ ಖಾಲಿ. "ಇದನ್ನ ಬರೆದೋನು ಊರಿನವನ ಥರ ಬರೆದಿಲ್ಲ. ಅಕ್ಕ ಹೇಗಿದಾಳೆ, ಮಳೆ ಬಂತಾ, ಏನೂ ಇಲ್ಲ" ಅಂದರು. ಮಡಚಿ ಕಾರ್ಯದರ್ಶಿಗೆ ವಾಪಸ್ ಕೊಟ್ಟರು.

ಆಮೇಲೆ ಊರಿನ ಪಟ್ಟಿಯಿಂದ ನಮ್ಮ ಮನೆಯ ಹೆಸರು ತೆಗೆಯುವ ಮಾತು ಶುರುವಾಯಿತು. ಫಿಲೆಮೋನನೇ ಬೇಡ ಎಂದ, ಇನ್ನೊಂದು ವರ್ಷ ಕಾಯೋಣ ಎಂದ. ಆದರೆ ಬೇರೆಯವರು ಒಪ್ಪಲಿಲ್ಲ. "ಇವನನ್ನ ಬಿಟ್ರೆ ನಾಳೆ ಲಾರಿ ಇಟ್ಟೋನು ಬಿಡಿ ಅಂತಾನೆ, ನಾಡಿದ್ದು ಅಂಗಡಿ ಇಟ್ಟೋನು. ಗುಡಿಸೋಕೆ ಉಳಿಯೋರು ಯಾರು?" ಆ ಮಾತಿಗೆ ನಿನ್ನಲ್ಲಿ ಉತ್ತರ ಇದೆಯೇ?

ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಅಲ್ಲಿಂದ ಮುಂದೆ ಹೋದೆ. "ಮನೆ ಖಾಲಿ ಇಲ್ಲ. ಒಳಗೆ ನಾನಿದೀನಿ. ಕೋಲು ನನ್ನ ಕೈಗೆ ಕೊಡಿ" ಅಂದೆ. ಹೆಂಗಸು ತೋಪಿಲ್ ಆದದ್ದು ಈ ಊರಲ್ಲಿ ಇಲ್ಲ. ಒಬ್ಬ ನಕ್ಕ, "ಕುಡುಕರನ್ನ ಎತ್ತಿ ಹಾಕೋಕಾಗುತ್ತಾ ಅಮ್ಮಾ?" ಅಂದ. "ನಿಮ್ಮನ್ನೇ ಎರಡು ಸಲ ಚರಂಡಿಯಿಂದ ಎತ್ತಿ ಮನೆಗೆ ಬಿಟ್ಟಿದೀನಲ್ಲ ಮಾಮ" ಅಂದೆ. ಆಮೇಲೆ ಅವನೇ ಮೊದಲು ಕೈ ಎತ್ತಿದ.

ಈಗ ಕೋಲು ನನ್ನ ಹತ್ತಿರವಿದೆ. ಬೆಳಿಗ್ಗೆ ಚೌಕ ಗುಡಿಸುತ್ತೇನೆ, ಏಣಿ ಹತ್ತಿ ನಿನ್ನ ಗಡಿಯಾರಕ್ಕೆ ಕೀಲಿ ಕೊಡುತ್ತೇನೆ, ಸುದ್ದಿ ಹೊತ್ತು ಮನೆ ಮನೆ ತಿರುಗುತ್ತೇನೆ. ಹೊರಗಿನವರು ಬಂದರೆ ಚಾವಡಿಯ ಬಾಗಿಲಲ್ಲಿ ತಡೆದು, ಯಾವ ಊರಿನವರು, ಯಾರನ್ನು ನೋಡಬೇಕು ಎಂದು ಕೇಳಿ, ಕಲ್ಲುಬೆಂಚಿನ ಮೇಲೆ ಕೂರಿಸಿ, ಒಳಗೆ ಹೇಳಿ ಬರುತ್ತೇನೆ. ಹೊಲ, ನೀರು ಉಳಿದವು. ಆದರೆ ಅವು ಇನ್ನು ನನ್ನ ಹೆಸರಿನಲ್ಲಿ. ನಿನ್ನ ಬಗ್ಗೆ ಸಭೆ ಹೇಳಿದ್ದು ಇಷ್ಟು: "ಅಬುಂದಿಯೋ ಊರಿನವನೋ ಅಲ್ವೋ, ಅವನೇ ಬಂದು ಬಾಯಿಬಿಟ್ಟು ಹೇಳ್ಲಿ. ಊರಿನವನು ಅಂದ್ರೆ ಮುಂದಿನ ವರ್ಷ ಪೊರಕೆ ಅವನದು."

ಮೈಯೆಲ್ಲ ನೋವು. ನಿನ್ನ ಮೇಲೆ ಸಿಟ್ಟೂ ಇದೆ, ಮುಚ್ಚಿಡುವುದಿಲ್ಲ.

ಸೆನಾಯ್ದಾ, ತೋಪಿಲ್

ವಾಹಾಕಾ
11 ಫೆಬ್ರವರಿ 1993

ಅಕ್ಕಾ,

ಆ ಕೋಲನ್ನು ಕೆಳಗಿಡು. ಬೇಡಿಕೊಳ್ಳುತ್ತೇನೆ.

ಇಲ್ಲಿಯ ಪತ್ರಿಕೆಗೆ ಹೇಗೋ ಸುದ್ದಿ ಸಿಕ್ಕಿದೆ. ನಿನ್ನ ಫೋಟೋ ಹಾಕಿದ್ದಾರೆ, ಪೊರಕೆ ಸಮೇತ. ಶಾಸನಸಭೆಯ ಮೊಗಸಾಲೆಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ವಿರೋಧ ಪಕ್ಷದವನೊಬ್ಬ ನನ್ನ ಭಾಷಣದ ಸಾಲನ್ನೇ ಎತ್ತಿ, "ಪೊರಕೆ ಹಿಡಿಯದ ಕೈ ಹೇಗಿದೆ ಶಾಸಕರೇ?" ಎಂದು ಕೈ ಕುಲುಕಿದ. ಮನೆಯಲ್ಲಿ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದು ಬೀದಿಗೆ ಹೋಗುತ್ತೇನೆ, ಮಾರುಕಟ್ಟೆಯ ತನಕ ನಡೆದು ಬೀನ್ಸ್ ಕಾಳಿನ ಮೂಟೆಗಳಲ್ಲಿ ಕೈ ಹಾಕಿ ನೋಡಿ, ಏನೂ ಕೊಳ್ಳದೆ ವಾಪಸ್ ಬರುತ್ತೇನೆ. ಅಂಗಡಿಯವಳು ಬೈಯುವುದನ್ನೂ ಬಿಟ್ಟಿದ್ದಾಳೆ.

ಏಪ್ರಿಲ್‌ನಲ್ಲಿ ರಸ್ತೆ ಇಲಾಖೆಯ ಎಂಜಿನಿಯರ್ ಅರಾಗೋನರನ್ನು ಕರೆದುಕೊಂಡು ಬರುತ್ತೇನೆ. ನಮ್ಮ ರಸ್ತೆಗೆ ಡಾಂಬರು ಹಾಕಿಸುವ ಮಾತು. ಆವತ್ತಾದರೂ ಕೋಲು ಬೇರೆ ಯಾರದಾದರೂ ಕೈಯಲ್ಲಿರಲಿ.

ಕರಿ ಜೋಳ ಹಸನು ಮಾಡಿದೆಯಾ?

ಅಬುಂದಿಯೋ

ವಾಹಾಕಾ
16 ಏಪ್ರಿಲ್ 1993

ಸೆನಾಯ್ದಾ,

ನನಗೆ ಇನ್ನು ಅಕ್ಕ ಇದ್ದಾಳೋ ಇಲ್ಲವೋ ತಿಳಿಯದು, ಅದಕ್ಕೇ ಹೆಸರು ಹಿಡಿದು ಬರೆಯುತ್ತಿದ್ದೇನೆ.

ಮೊನ್ನೆ ಅರಾಗೋನರ ಜೊತೆ ಚಾವಡಿಯ ಮುಂದೆ ಜೀಪಿನಿಂದ ಇಳಿದೆ. ನೀನು ಬಾಗಿಲಲ್ಲಿ ಕೋಲು ಅಡ್ಡ ಹಿಡಿದು ನಿಂತಿದ್ದೆ. ನನ್ನ ಮುಖ ನೋಡಿ, "ಯಾವ ಊರಿನವರು ನೀವು? ಯಾರನ್ನ ನೋಡ್ಬೇಕು?" ಅಂದೆ. ನನ್ನನ್ನು ಎತ್ತಿ ಆಡಿಸಿದವಳು. ಹಿಂದೆ ಪತ್ರಿಕೆಯ ಫೋಟೋದವರು ನಿಂತಿದ್ದರು. ನಾನು ಏನು ಹೇಳಬೇಕಿತ್ತು? "ನಾನು ಈ ಕ್ಷೇತ್ರದ ಶಾಸಕ" ಅಂದೆ. ನೀನು ಕದಲಲಿಲ್ಲ. ಮತ್ತೆ ಅದನ್ನೇ ಕೇಳಿದೆ. ನಾನು ಮೇಲೆ ತೋರಿಸಿ, "ನನ್ನ ಹೆಸರು ಅಲ್ಲೇ ಬರೆದಿದೆ, ನೋಡು" ಅಂದೆ. ನೀನು ತಲೆ ಕೂಡ ಎತ್ತದೆ, "ಗಡಿಯಾರ ಕೊಟ್ಟೋರ ಹೆಸರು ನಾನು ಕೇಳ್ಲಿಲ್ಲ" ಅಂದೆ.

ಆ ಅರಾಗೋನ್ ಹ್ಯಾಟು ತೆಗೆದು, ತನ್ನ ಊರಿನ ಹೆಸರು, ತನ್ನಪ್ಪನ ಹೆಸರು ಹೇಳಿದ. ನೀನು ಒಳಗೆ ಹೇಳಿ ಬಂದು ಅವನನ್ನು ಕರೆದುಕೊಂಡು ಹೋದೆ. ನಾನು ಕರೆತಂದ ಮನುಷ್ಯ ನನ್ನ ಊರಿನ ಚಾವಡಿಯೊಳಗೆ ಕೂತ, ನಾನು ಹೊರಗೆ ನನ್ನದೇ ಗಡಿಯಾರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತೆ. ಅದು ತಲೆಯ ಮೇಲೆ ಟಕಟಕ ಎನ್ನುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಎದ್ದು ಜೀಪು ಹತ್ತಿದೆ.

ನಿನಗೆ ಸಮಾಧಾನವಾಯಿತೇ?

ಅಬುಂದಿಯೋ

ಯಾಲೋಬಿ
25 ಏಪ್ರಿಲ್ 1993

ತಮ್ಮಾ,

ಸಮಾಧಾನವಾಗಲಿಲ್ಲ. ಆವತ್ತು ಚಾವಡಿಯೊಳಗೆ ಏನು ನಡೆದಿತ್ತು ಎನ್ನುವುದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಆದರೆ ಅಕ್ಕ ಇದ್ದಾಳೋ ಇಲ್ಲವೋ ಎಂದು ಬರೆದೆಯಲ್ಲ, ಈಗ ಹೇಳಿಯೇ ಬಿಡುತ್ತೇನೆ.

ಬೆಳಿಗ್ಗೆ ಕ್ರಿಸ್ಪೀನಜ್ಜ ನನ್ನನ್ನು ಕರೆದಿದ್ದರು. "ಎಲ್ಲರನ್ನೂ ಕೇಳೋ ಹಾಗೆ ಅವನನ್ನೂ ಕೇಳು. ಯಾಲೋಬಿಯೋನು ಅಂತ ಒಂದು ಮಾತು ಅಂದ್ನೋ, ಗಂಟೆ ಹೊಡಿ. ಉಳಿದದ್ದು ನಾವು ನೋಡ್ಕೋತೀವಿ" ಅಂದಿದ್ದರು. ಚಾವಡಿಯೊಳಗೆ ಊರಿನ ವಾದ್ಯದವರೆಲ್ಲ ಕೂತಿದ್ದರು, ಕಹಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು. ಅಪ್ಪನ ಕಾಲದ ಆ ಕುಣಿತದ ಮಟ್ಟನ್ನು ಒಂದು ವಾರ ಅಭ್ಯಾಸ ಮಾಡಿದ್ದರು. ಫಿಲೆಮೋನನ ಹೆಂಡತಿ ತಮಾಲೆ ಕಡುಬು ಬೇಯಿಸಿ ಬಾಳೆಯೆಲೆಯಲ್ಲಿ ಮುಚ್ಚಿಟ್ಟಿದ್ದಳು. ನಿನಗೆ ಇಷ್ಟವಾದ ಬೀನ್ಸ್ ತುಂಬಿದ್ದು.

ನಾನು ಎರಡು ಸಲ ಕೇಳಿದೆ. ತೋಪಿಲ್ ಒಂದೇ ಸಲ ಕೇಳುವುದು. ಎರಡನೆಯದು ಅಕ್ಕ ಕೇಳಿದ್ದು. ನಿನಗೆ ಗೊತ್ತಾಗಲಿಲ್ಲ.

ನೀನು ಹೋದ ಮೇಲೆ ವಾದ್ಯದವರು ಒಬ್ಬೊಬ್ಬರೇ ಎದ್ದು ಮನೆಗೆ ಹೋದರು. ಯಾರೂ ನಿನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸೆನಾಯ್ದಾ

ಯಾಲೋಬಿ
22 ಆಗಸ್ಟ್ 1993

ಅಬುಂದಿಯೋ,

ನಾಲ್ಕು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕರಿ ಜೋಳ ಎದೆಯೆತ್ತರ ನಿಂತಿದೆ. ಅರಾಗೋನ್ ಮಾತು ಉಳಿಸಿಕೊಂಡ, ಡಾಂಬರು ತಿರುವಿನ ತನಕ ಬಂದಿದೆ. ಲಾರಿ ತಡೆದು ನೀನು ಮಲಗಿದ್ದ ಜಾಗ ಈಗ ಕಪ್ಪಗೆ ಹೊಳೆಯುತ್ತದೆ. ಮೊನ್ನೆ ಕ್ರಿಸ್ಪೀನಜ್ಜ ಅಲ್ಲಿ ಕೋಲೂರಿ ನಿಂತು, "ಇಲ್ಲೇ ಅಲ್ವಾ ಅವನು ಮಲಗಿದ್ದು?" ಎಂದು ಕೇಳಿದರು. ಮರೆತಿಲ್ಲ, ನೋಡು.

ಸೆನಾಯ್ದಾ

ವಾಹಾಕಾ
30 ಅಕ್ಟೋಬರ್ 1993

ಅಕ್ಕಾ,

ಪಕ್ಷ ನನ್ನ ಹೆಸರು ಬಿಟ್ಟಿದೆ. ಊರಿನಲ್ಲೇ ಬೆಲೆಯಿಲ್ಲದವನಿಗೆ ಓಟು ಯಾರು ಕೊಡುತ್ತಾರೆ ಎಂದರಂತೆ. ನನ್ನ ಮುಂದೆ ಯಾರೂ ಹೇಳಲಿಲ್ಲ. ನನ್ನ ಬಾಗಿಲ ಮುಂದೆ ಈಗ ಯಾರೂ ಇಲ್ಲ. ಅವಧಿ ಇನ್ನೊಂದಿಷ್ಟು ದಿನ ಉಳಿದಿದೆ, ಆದರೆ ಜನರಿಗೆ ಮೊದಲೇ ಗೊತ್ತಾಗಿಬಿಡುತ್ತದೆ, ಮಳೆ ನಿಲ್ಲುವುದು ಇರುವೆಗಳಿಗೆ ಗೊತ್ತಾಗುವ ಹಾಗೆ.

ಸೋತದ್ದಕ್ಕೆ ಬರೆಯುತ್ತಿದ್ದೇನೆ ಎಂದು ನೀನು ಅಂದುಕೊಳ್ಳುತ್ತೀಯ. ಅದೂ ನಿಜ. ಆದರೆ ಏಪ್ರಿಲ್‌ನ ನಿನ್ನ ಪತ್ರ ಜೇಬಿನಲ್ಲೇ ಇದೆ. ತೊಡೆಯ ಮೇಲೆ ಕಹಳೆ ಇಟ್ಟುಕೊಂಡು ಕೂತವರು ಕಣ್ಣಿಗೆ ಕಟ್ಟುತ್ತಾರೆ. ಗೋಡೆಯ ಒಂದು ಕಡೆ ನಾನು, ಇನ್ನೊಂದು ಕಡೆ ಅವರು.

ನಿನ್ನೆ ಕೋಣೆಯಲ್ಲಿ ಒಬ್ಬನೇ ಇದ್ದಾಗ ಜೋರಾಗಿ ಹೇಳಿ ನೋಡಿದೆ: ನಾನು ಯಾಲೋಬಿಯವನು. ಭಾಷಣದ ಹಾಗೆ ಕೇಳಿತು. ಗಂಟಲು ಇಳಿಸಿ ಹೇಳಿದೆ, ಓಟು ಕೇಳಿದ ಹಾಗಿತ್ತು. ಒಫೇಲಿಯಾ ಬಾಗಿಲಿಂದ ಇಣುಕಿ, "ಯಾರ ಹತ್ರ ಮಾತಾಡ್ತಿದೀರಿ?" ಎಂದು ಕೇಳಿದಳು. ಅವಳು ಊರಿಗೆ ಬರುವುದಿಲ್ಲವಂತೆ, ಮಕ್ಕಳ ಶಾಲೆ ಇದೆ. ಅವಳ ಮಾತೂ ತಪ್ಪಲ್ಲ.

ಅಕ್ಕಾ, ನೀನೇ ಸಭೆಯಲ್ಲಿ ನನ್ನ ಪರವಾಗಿ ಹೇಳಿಬಿಡು. ಇಲ್ಲಿ ಬರೆದಿದ್ದೇನೆ ನೋಡು: ನಾನು ಯಾಲೋಬಿಯವನು, ಸೆನಾಯ್ದಾಳ ತಮ್ಮ. ಅಷ್ಟು ಸಾಕಲ್ಲವೇ?

ಅಬುಂದಿಯೋ

ಯಾಲೋಬಿ
9 ನವೆಂಬರ್ 1993

ತಮ್ಮಾ,

ಸಾಲದು. ಕಾಗದ ನೀನು ಒಮ್ಮೆ ಕಳಿಸಿದ್ದೆಯಲ್ಲ.

ಓದಿ ಅತ್ತೆ, ಆದರೆ ಸಭೆಯಲ್ಲಿ ಓದುವುದಿಲ್ಲ. ಬಾಗಿಲಲ್ಲಿ ಕೇಳಿದ್ದಕ್ಕೆ ಬಾಗಿಲಲ್ಲೇ ಉತ್ತರ. ಭಾಷಣದ ಹಾಗೆ ಕೇಳಿಸಿದರೂ ಪರವಾಗಿಲ್ಲ, ಇಲ್ಲಿ ಎಲ್ಲರಿಗೂ ನಿನ್ನ ಗಂಟಲು ಗೊತ್ತು. ವಾದ್ಯ ಈ ಸಲ ಇರುತ್ತದೋ ಇಲ್ಲವೋ ಹೇಳಲಾರೆ. ಕಹಳೆಯವರಿಗೂ ಅಭಿಮಾನ ಇರುತ್ತದೆ. ಪೊರಕೆ ಮಾತ್ರ ಖಂಡಿತ ಇರುತ್ತದೆ. ಎರಡಿವೆ, ಗಟ್ಟಿಯಿರುವುದನ್ನು ನಿನಗೆ ತೆಗೆದಿಡುತ್ತೇನೆ. ಗಡಿಯಾರದ ಕೀಲಿ ಬಲಕ್ಕೆ ಬಿಗಿ, ಅದನ್ನೂ ನೀನೇ ನೋಡಿಕೊಳ್ಳಬೇಕು.

ಒಂದು ಮಾತು ಮಾತ್ರ ಮರೆಯಬೇಡ. ವರ್ಷ ಮುಗಿಯುವುದರೊಳಗೆ ನೀನು ಬರದಿದ್ದರೆ ಬರುವ ವರ್ಷದ ತೋಪಿಲ್ ಎಂದು ಫಿಲೆಮೋನನ ಅಳಿಯನ ಹೆಸರಾಗಿದೆ. ಕಣಿವೆಯ ಆಚೆಯವನು, ನೀನು ನಗರಕ್ಕೆ ಹೋದ ಮೇಲೆ ಈ ಊರಿಗೆ ಬಂದವನು. ಒಳ್ಳೆಯವನೇ, ಆದರೆ ನಿನ್ನ ಮುಖ ನೋಡಿಲ್ಲ. ಅವನು ಒಂದೇ ಸಲ ಕೇಳುತ್ತಾನೆ.

ಡಿಸೆಂಬರ್ ಮೂವತ್ತೊಂದರವರೆಗೆ ಬಾಗಿಲಲ್ಲಿ ಕೇಳುವವಳು ನಾನು.

ನಿನ್ನ ಅಕ್ಕ
ಸೆನಾಯ್ದಾ